ಚದರಡಿ ದರ ಹೇಳದ ಇಂಕಿನ ಲೆಕ್ಕ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಬಿಳಿಚೋಡು ಒಂದು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳು ಮೆಕ್ಕೆಜೋಳ, ಶೇಂಗಾ, ಈರುಳ್ಳಿ ನೆಚ್ಚಿ ಬದುಕುವ ಬಯಲುಸೀಮೆಯವು. ಇಂಥ ಊರುಗಳಿಗೆ ವರ್ಷವಿಡೀ ಬ್ಯಾನರ್ ಬೇಕು. ಗಣಪತಿ ಕೂರಿಸಿದಾಗ, ಜಾತ್ರೆ ಬಂದಾಗ, ನವೆಂಬರ್‌ನ ರಾಜ್ಯೋತ್ಸವಕ್ಕೆ, ಅಂಬೇಡ್ಕರ್ ಜಯಂತಿಗೆ, ವಾಲ್ಮೀಕಿ ಜಯಂತಿಗೆ, ಮುಂಗಾರಿಗೆ ಮೊದಲು ಬಿತ್ತನೆ ಬೀಜದ ಪ್ರಚಾರಕ್ಕೆ, ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಶ್ರದ್ಧಾಂಜಲಿಗೆ, ಹುಡುಗರ ಹುಟ್ಟುಹಬ್ಬಕ್ಕೆ. ಅಂಗಡಿ ಜಗಳೂರಿನದಾಗಿರಲಿ, ದಾವಣಗೆರೆಯದಾಗಿರಲಿ, ಮಾಡಿಸುವವರು ಕೇಳುವ ಪ್ರಶ್ನೆ ಒಂದೇ: ಸ್ಕ್ವೇರ್ ಫೀಟ್‌ಗೆ ಎಷ್ಟು? ಅಂಗಡಿಯವರೂ ಒಂದೇ ಅಂಕಿ ಹೇಳುತ್ತಾರೆ. ಹತ್ತಡಿಗೆ ಎಂಟಡಿ ಎಂದರೆ ಎಂಬತ್ತು, ಅದನ್ನು ದರದಿಂದ ಗುಣಿಸಿದರೆ ಬಿಲ್ಲು ಸಿದ್ಧ. ಬ್ಯಾನರಿನಲ್ಲಿ ಏನಿದೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಬಿಳಿ ಹಿನ್ನೆಲೆಯ ಮೇಲೆ ನಾಲ್ಕು ಸಾಲು ಬರಹವಿದ್ದರೂ ಅದೇ ದರ, ಅಂಚಿನಿಂದ ಅಂಚಿಗೆ ಕಗ್ಗಪ್ಪು ತುಂಬಿದ್ದರೂ ಅದೇ ದರ. ಈ ಎರಡರ ನಡುವೆ ಖರ್ಚಾಗುವ ಇಂಕಿನಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರವಿರಬಹುದು. ಚದರಡಿ ದರ ಈ ಅಂತರವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟಿದ್ದರಿಂದ ಅಂಗಡಿಯವರೂ ಗಿರಾಕಿಗಳೂ ನಷ್ಟಪಡುತ್ತಾರೆ, ಅದರಲ್ಲೂ ಸಣ್ಣ ಊರಿನ ಅಂಗಡಿ ಎಲ್ಲರಿಗಿಂತ ಹೆಚ್ಚು ನಷ್ಟಪಡುತ್ತದೆ ಎಂಬುದು ಈ ಲೇಖನದ ವಾದ.

ಲೆಕ್ಕಕ್ಕೆ ಇಳಿಯುವ ಮುನ್ನ ಯಂತ್ರ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಫ್ಲೆಕ್ಸ್ ಎಂದು ನಾವು ಕರೆಯುವುದು ಪಾಲಿಯೆಸ್ಟರ್ ನೂಲಿನ ಜಾಲರಿಗೆ ಎರಡೂ ಕಡೆ ಪಿವಿಸಿ ಪ್ಲಾಸ್ಟಿಕ್ ಹೊದಿಸಿ ಮಾಡಿದ ಹಾಳೆ. ಅದು ರೋಲ್‌ನಿಂದ ಬಿಚ್ಚಿಕೊಂಡು ಮುಂದೆ ಸರಿಯುತ್ತಿರುವಾಗ ಅದರ ಮೇಲೆ ಹೆಡ್ ಎಂಬ ಭಾಗ ಅತ್ತಿತ್ತ ಓಡುತ್ತದೆ. ಹೆಡ್‌ನ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೂರಾರು ರಂಧ್ರಗಳಿವೆ. ಪ್ರತಿ ರಂಧ್ರವೂ ಕಂಪ್ಯೂಟರ್ ಹೇಳಿದ ಜಾಗದಲ್ಲಿ ಒಂದು ಹನಿ ಉದುರಿಸುತ್ತದೆ. ಬಣ್ಣಗಳು ನಾಲ್ಕೇ: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗಾಢ ಗುಲಾಬಿ, ಹಳದಿ, ಕಪ್ಪು. ಬಿಳಿ ಇಂಕು ಇರುವುದಿಲ್ಲ, ಬಿಳಿ ಕಾಣಬೇಕಾದಲ್ಲಿ ಹನಿ ಬೀಳುವುದಿಲ್ಲ, ಹಾಳೆಯ ಬಿಳಿಯೇ ಬಿಳಿ. ಉಳಿದ ಬಣ್ಣವೆಲ್ಲ ಈ ನಾಲ್ಕರ ಚುಕ್ಕೆಗಳನ್ನು ಒತ್ತೊತ್ತಾಗಿಯೋ ವಿರಳವಾಗಿಯೋ ಹರಡಿ ಕಣ್ಣಿಗೆ ತೋರಿಸಿದ್ದು. ಹನಿಯ ಗಾತ್ರವನ್ನು ಪಿಕೋಲೀಟರ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿಲೀಟರ್‌ನಲ್ಲಿ ನೂರು ಕೋಟಿ ಪಿಕೋಲೀಟರ್. ಹನಿ ಎಷ್ಟು ದೊಡ್ಡದು, ಒಂದು ಇಂಚಿಗೆ ಎಷ್ಟು ಹನಿ, ವಿನ್ಯಾಸದ ಎಷ್ಟು ಭಾಗ ಹನಿ ಬಯಸುತ್ತದೆ ಎಂಬ ಮೂರು ಸಂಗತಿ ಗೊತ್ತಿದ್ದರೆ ಒಂದು ಬ್ಯಾನರಿಗೆ ಎಷ್ಟು ಇಂಕು ಬೇಕೆಂದು ಕೂಡಿಸಿ ಹೇಳಬಹುದು. ಹತ್ತನೇ ತರಗತಿಯ ಗಣಿತ ಸಾಕು.

ಹೇಳಿ ನೋಡೋಣ. ಫ್ಲೆಕ್ಸ್ ಯಂತ್ರಗಳಲ್ಲಿ ಬಳಸುವ ಕೊನಿಕಾ 512 ಹೆಡ್‌ಗಳಲ್ಲಿ 14 ಪಿಕೋಲೀಟರ್ ಹನಿಯದೊಂದು ಬಗೆ, 42 ಪಿಕೋಲೀಟರ್ ಹನಿಯದು ಇನ್ನೊಂದು ಬಗೆ. ಮೊದಲನೆಯದನ್ನು ತೆಗೆದುಕೊಳ್ಳಿ. ಒಂದು ಇಂಚಿನಲ್ಲಿ ಅಡ್ಡಕ್ಕೆ 360, ಉದ್ದಕ್ಕೆ 720 ಚುಕ್ಕೆ ಎಂಬ ಅಳತೆಯಲ್ಲಿ ಮುದ್ರಿಸಿದರೆ ಒಂದು ಚದರಿಂಚಿಗೆ 2,59,200 ಚುಕ್ಕೆ. ಚುಕ್ಕೆಗೊಂದು ಹನಿಯಂತೆ 14ರಿಂದ ಗುಣಿಸಿದರೆ 36,28,800 ಪಿಕೋಲೀಟರ್. ಒಂದು ಚದರಡಿಗೆ 144 ಚದರಿಂಚು. ಎಲ್ಲವನ್ನೂ ಗುಣಿಸಿದರೆ, ಒಂದು ಬಣ್ಣವನ್ನು ನೂರಕ್ಕೆ ನೂರು ತುಂಬಿಸಲು ಚದರಡಿಗೆ ಸುಮಾರು 0.52 ಮಿಲಿಲೀಟರ್ ಇಂಕು ಬೇಕೆಂದು ಬರುತ್ತದೆ. ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು, ಯಂತ್ರವೂ ಮುದ್ರಣದ ಅಳತೆಯೂ ಬದಲಾಗುವವರೆಗೆ ಇದು ಬದಲಾಗುವುದಿಲ್ಲ. 42 ಪಿಕೋಲೀಟರ್‌ನ ಹೆಡ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ 360 ಚುಕ್ಕೆಯಂತೆ ಮುದ್ರಿಸಿದರೆ ಇದೇ ಲೆಕ್ಕ 0.78 ಮಿಲಿಲೀಟರ್ ಆಗುತ್ತದೆ, ಅಂದರೆ ಸರಿಯಾಗಿ ಒಂದೂವರೆ ಪಟ್ಟು. ದಪ್ಪ ಹನಿಯ ಯಂತ್ರ ವೇಗವಾಗಿ ಓಡುತ್ತದೆ, ಚಿತ್ರ ತುಸು ಒರಟಾಗುತ್ತದೆ, ಇಂಕು ಹೆಚ್ಚು ಕುಡಿಯುತ್ತದೆ. ಎರಡು ಅಂಗಡಿಗಳು ಒಂದೇ ದರ ಹೇಳುತ್ತಿದ್ದರೂ ಒಳಗಿನ ಖರ್ಚು ಒಂದೇ ಆಗಿರಬೇಕಿಲ್ಲ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ಇಲ್ಲೊಂದು ತಪ್ಪುತಿಳಿವಳಿಕೆಯನ್ನೂ ಬಿಡಿಸಬೇಕು. ಪಾಸ್, ಅಂದರೆ ಒಂದೇ ಜಾಗದ ಮೇಲೆ ಹೆಡ್ ಓಡುವ ಸುತ್ತು, ಹೆಚ್ಚಾದರೆ ಇಂಕು ಹೆಚ್ಚಾಗುತ್ತದೆ ಎಂದು ಹಲವರು ನಂಬಿದ್ದಾರೆ. ಇಂಚಿಗಿಷ್ಟು ಚುಕ್ಕೆ ಎಂಬುದು ಬದಲಾಗದೆ ಪಾಸ್ ಮಾತ್ರ ಹೆಚ್ಚಿದರೆ, ಅದೇ ಚುಕ್ಕೆಗಳನ್ನು ಹೆಚ್ಚು ಸುತ್ತಿನಲ್ಲಿ ಹಂಚಿ ಹಾಕಿದಂತಾಗುತ್ತದೆ. ಪಟ್ಟೆ ಕಾಣುವುದು ಕಡಿಮೆಯಾಗುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ, ಇಂಕು ಅಷ್ಟೇ.

ಇನ್ನು ವಿನ್ಯಾಸ. ನಾಲ್ಕು ಬಣ್ಣಗಳ ಶೇಕಡಾವಾರು ಕೂಡಿಸಿದರೆ ಬರುವುದನ್ನು ಒಟ್ಟು ವ್ಯಾಪ್ತಿ ಎನ್ನೋಣ. ಬಿಳಿ ಹಿನ್ನೆಲೆಯಲ್ಲಿ ಬರಹ ಮಾತ್ರವಿರುವ ಬ್ಯಾನರಿನ ಸರಾಸರಿ ವ್ಯಾಪ್ತಿ ಶೇ. 25 ಎಂದಿಟ್ಟುಕೊಳ್ಳಿ. ನಮ್ಮ ಕನ್ನಡ ಬಾವುಟದ ಹಿನ್ನೆಲೆಯಾದರೆ ಅರ್ಧ ಹಳದಿ, ಅರ್ಧ ಕೆಂಪು. ಹಳದಿಗೆ ಹಳದಿ ಇಂಕೊಂದೇ ಸಾಕು, ಶೇ. 100. ಕೆಂಪು ಎಂಬ ಇಂಕಿಲ್ಲ, ಮೆಜೆಂಟಾದ ಜೊತೆ ಹಳದಿ ಪೂರ್ತಿ ಬೀಳಬೇಕು, ಶೇ. 200. ಸರಾಸರಿ ಶೇ. 150. ಕೇಸರಿಯಲ್ಲಿ ಹಳದಿ ಪೂರ್ತಿ ಇದ್ದು ಮೆಜೆಂಟಾ ಅರ್ಧದಷ್ಟಿರುವುದರಿಂದ ಅದೂ ಶೇ. 150ರ ಆಸುಪಾಸು. ಹಚ್ಚ ಹಸಿರು, ಕಡುನೀಲಿ ಎರಡೂ ಶೇ. 200ರ ಹತ್ತಿರ ಹೋಗುತ್ತವೆ. ಎಲ್ಲಕ್ಕಿಂತ ಮೇಲೆ ನಿಲ್ಲುವುದು ಕಪ್ಪು, ಅದೂ ವಿನ್ಯಾಸ ಮಾಡುವವರ ಅಭ್ಯಾಸದಿಂದಾಗಿ. ಕಪ್ಪು ಇಂಕನ್ನಷ್ಟೇ ಹಾಕಿದರೆ ಶೇ. 100ಕ್ಕೆ ಕೆಲಸ ಮುಗಿಯುತ್ತದೆ. ಆದರೆ ಕಪ್ಪು ಇನ್ನೂ ಗಾಢವಾಗಿ ಹೊಳೆಯಲಿ ಎಂದು ಉಳಿದ ಮೂರು ಬಣ್ಣಗಳನ್ನೂ ತಲಾ ಶೇ. 60 ಸೇರಿಸುವುದುಂಟು. ಅಲ್ಲಿಗೆ ಶೇ. 280. ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಈಚೆಗೆ ಮೆಚ್ಚುಗೆಯಾಗಿರುವ ಕಪ್ಪು ಹಿನ್ನೆಲೆ, ಅದರ ಮೇಲೆ ಬೆಂಕಿಯ ಕಿಡಿ, ಹೊಗೆ, ಚಿನ್ನದ ಬಣ್ಣದ ಅಕ್ಷರ, ಇವೆಲ್ಲ ಈ ಗುಂಪಿಗೇ ಸೇರಿದವು.

ಈಗ ಹತ್ತಡಿಗೆ ಎಂಟಡಿಯ ಬ್ಯಾನರನ್ನು 14 ಪಿಕೋಲೀಟರ್ ಯಂತ್ರದಲ್ಲಿ ಮುದ್ರಿಸಿದರೆ ಬರಹದ ಬ್ಯಾನರಿಗೆ ಸುಮಾರು 10 ಮಿಲಿಲೀಟರ್, ಬಾವುಟದ ಬಣ್ಣದ್ದಕ್ಕೆ 63, ಗಾಢ ಕಪ್ಪಿನದಕ್ಕೆ 117 ಮಿಲಿಲೀಟರ್ ಇಂಕು ಬೇಕು. ಲೆಕ್ಕಕ್ಕೆ ಅನುಕೂಲವಾಗಲೆಂದು ಇಂಕು ಲೀಟರಿಗೆ 500 ರೂಪಾಯಿ, ಫ್ಲೆಕ್ಸ್ ಹಾಳೆ ಚದರಡಿಗೆ 5 ರೂಪಾಯಿ, ಗಿರಾಕಿಗೆ ಹೇಳಿದ ದರ ಚದರಡಿಗೆ 10 ರೂಪಾಯಿ ಎಂದು ಇಟ್ಟುಕೊಳ್ಳೋಣ. ಓದುವವರು ತಮ್ಮೂರಿನ ದರ ಹಾಕಿಕೊಂಡು ಇದನ್ನೇ ಮತ್ತೆ ಮಾಡಬಹುದು. ಬಿಲ್ಲು 800 ರೂಪಾಯಿ. ಇಂಕಿನ ಖರ್ಚು ಮೊದಲನೆಯದಕ್ಕೆ 5 ರೂಪಾಯಿ, ಎರಡನೆಯದಕ್ಕೆ 31, ಮೂರನೆಯದಕ್ಕೆ 58. ಬಿಲ್ಲಿನ ಎದುರು ಇಟ್ಟರೆ ಮೂರನೆಯದೂ ಶೇ. 7ರಷ್ಟೇ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಮಾತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಬಿಲ್ಲಿನಲ್ಲಿ ಅಲ್ಲ, ಬಿಲ್ಲಿನಿಂದ ಎಲ್ಲ ಕಳೆದ ಮೇಲೆ ಉಳಿಯುವುದರಲ್ಲಿ. 800ರಲ್ಲಿ 400 ಹಾಳೆಗೇ ಹೋಯಿತು. ಕರೆಂಟು, ಬಾಡಿಗೆ, ವಿನ್ಯಾಸ ಮಾಡುವವರ ಸಂಬಳ, ಯಂತ್ರದ ಸಾಲದ ಕಂತು, ಇವಕ್ಕೆಲ್ಲ ಇನ್ನೊಂದು 300 ಹೋಯಿತೆನ್ನಿ. ಉಳಿದ 100 ರೂಪಾಯಿಯಲ್ಲಿ ಇಂಕು ಕಳೆದರೆ ಬರಹದ ಬ್ಯಾನರಿನಲ್ಲಿ 95 ಕೈಗೆ ಬರುತ್ತದೆ, ಬಾವುಟದ್ದರಲ್ಲಿ 69, ಕಪ್ಪಿನದರಲ್ಲಿ ಬರೀ 42. ಒಂದೇ ಅಳತೆ, ಒಂದೇ ದರ, ಆದರೆ ದುಡಿಮೆಯ ಫಲ ಅರ್ಧಕ್ಕೂ ಕೆಳಗೆ. ದರದ ಪೈಪೋಟಿ ಬಿದ್ದು ಚದರಡಿಗೆ 50 ಪೈಸೆ ಇಳಿಸಿದರೆ, ಅಂದರೆ ಬಿಲ್ಲಿನಲ್ಲಿ 40 ರೂಪಾಯಿ ಬಿಟ್ಟರೆ, ಮೂರನೆಯ ಬ್ಯಾನರಿನಲ್ಲಿ ಉಳಿಯುವುದು ಎರಡು ರೂಪಾಯಿಗೂ ಕಡಿಮೆ. ಅಂಗಡಿಯವರಿಗೆ ಅದು ಗೊತ್ತೇ ಆಗುವುದಿಲ್ಲ. ತಿಂಗಳ ಕೊನೆಗೆ ಕೆಲಸ ಭರ್ತಿ ಇತ್ತು, ದುಡ್ಡು ಮಾತ್ರ ನಿಲ್ಲಲಿಲ್ಲ ಎಂಬ ಒಂದು ಅಸ್ಪಷ್ಟ ಸಂಕಟವಾಗಿ ಅದು ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಕೊಡುವ ಸಾಮಾನ್ಯ ಉತ್ತರ, ಎಲ್ಲ ಸೇರಿ ಸರಾಸರಿಗೆ ಬರುತ್ತದೆ ಎಂಬುದು. ಒಂದು ಬ್ಯಾನರಿನಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ, ತಿಂಗಳಿಗೆ ಇಷ್ಟು ಲೀಟರ್ ತಂದೆವು, ಇಷ್ಟು ಚದರಡಿ ಹೊಡೆದೆವು, ಭಾಗಿಸಿದರೆ ಸರಾಸರಿ ಸಿಕ್ಕಿತು, ಅದಕ್ಕೆ ತಕ್ಕಂತೆ ದರ ಇಟ್ಟರಾಯಿತು. ಕೆಲಸದ ಬಗೆ ವರ್ಷವಿಡೀ ಒಂದೇ ಥರ ಇದ್ದರೆ ಈ ಮಾತು ಒಪ್ಪತಕ್ಕದ್ದೇ. ಆದರೆ ಹಳ್ಳಿಗಾಡಿನ ಬ್ಯಾನರ್ ಕೆಲಸ ಹಂಗಾಮಿನದು. ಹಬ್ಬ, ಜಾತ್ರೆ, ಜಯಂತಿ, ಚುನಾವಣೆಗಳ ದಿನಗಳಲ್ಲಿ ಬರುವ ಬ್ಯಾನರುಗಳು ಅಂಚಿನಿಂದ ಅಂಚಿಗೆ ಬಣ್ಣ ತುಂಬಿಕೊಂಡವು. ಎಲ್ಲ ಸಂಘಟನೆಗಳಿಗೂ ತಮ್ಮದೊಂದು ಬಣ್ಣವಿದೆ, ಆ ಬಣ್ಣ ಹಿನ್ನೆಲೆಯಾಗಿ ಪೂರ್ತಿ ಬೇಕು. ಹಂಗಾಮು ಇಲ್ಲದ ತಿಂಗಳಲ್ಲಿ ಆರೋಗ್ಯ ಶಿಬಿರ, ಶಾಲಾ ದಾಖಲಾತಿ, ಅಂಗಡಿಯ ಹೆಸರು, ಇಂಥ ತೆಳು ಕೆಲಸ. ಹಂಗಾಮು ಇಲ್ಲದ ತಿಂಗಳ ಸರಾಸರಿಯಿಂದ ಜಾತ್ರೆ ಕಾಲದ ದರ ಕಟ್ಟಿದರೆ, ಅತಿ ಹೆಚ್ಚು ಕೆಲಸವಿರುವ ತಿಂಗಳಲ್ಲೇ ಅತಿ ಕಡಿಮೆ ಲಾಭ ಬರುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ನಿಧಾನದ್ದು. ಒಂದು ಅಂಗಡಿ ಕಪ್ಪಿಗೂ ಬಿಳಿಗೂ ಒಂದೇ ದರ ಇಟ್ಟು, ಪಕ್ಕದ ಅಂಗಡಿ ತೆಳು ಕೆಲಸಕ್ಕೆ ಕಡಿಮೆ ದರ ಹೇಳತೊಡಗಿದರೆ, ತೆಳು ಕೆಲಸವೆಲ್ಲ ಅತ್ತ ಹೋಗುತ್ತದೆ, ಇಂಕು ಕುಡಿಯುವ ಕೆಲಸ ಮಾತ್ರ ಇತ್ತ ಉಳಿಯುತ್ತದೆ. ಆಗ ಸರಾಸರಿಯೇ ಕೆಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹಾಳೆಯ ಮೇಲೆ ಬೀಳುವ ಇಂಕು. ಹಾಳೆಯ ಮೇಲೆ ಬೀಳದೆ ಖರ್ಚಾಗುವ ಇಂಕು ಇನ್ನೊಂದಿದೆ, ನನ್ನ ದೃಷ್ಟಿಯಲ್ಲಿ ಸಣ್ಣ ಊರುಗಳ ಮಟ್ಟಿಗೆ ಅದೇ ಮುಖ್ಯ. ಫ್ಲೆಕ್ಸ್ ಮುದ್ರಣಕ್ಕೆ ಬಳಸುವ ಸಾಲ್ವೆಂಟ್ ಇಂಕು ಬೇಗ ಆರುವಂಥದ್ದು. ಆರುವ ಗುಣವಿದ್ದುದರಿಂದ ಅದು ಪ್ಲಾಸ್ಟಿಕ್ಕಿನ ಮೇಲೆ ಹರಡದೆ ನಿಲ್ಲುತ್ತದೆ, ಅದೇ ಗುಣದಿಂದ ಹೆಡ್‌ನ ಸೂಕ್ಷ್ಮ ರಂಧ್ರಗಳಲ್ಲೂ ಒಣಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಯಂತ್ರ ಶುರು ಮಾಡುವಾಗ ಒತ್ತಡ ಕೊಟ್ಟು ಒಂದಿಷ್ಟು ಇಂಕನ್ನು ಹೊರಗೆ ಚೆಲ್ಲಿಸಬೇಕು, ಎಲ್ಲ ರಂಧ್ರ ತೆರೆದಿವೆಯೇ ಎಂದು ಪಟ್ಟಿ ಹೊಡೆದು ನೋಡಬೇಕು, ಕಟ್ಟಿದ್ದರೆ ಮತ್ತೆ ಚೆಲ್ಲಬೇಕು. ಮಧ್ಯೆ ಕರೆಂಟು ಹೋಗಿ ಯಂತ್ರ ನಿಂತರೆ ಅರ್ಧ ಮುದ್ರಿಸಿದ ಬ್ಯಾನರ್ ಹಾಳಾಗುವುದರ ಜೊತೆಗೆ ಈ ಕೆಲಸವೂ ಮತ್ತೊಮ್ಮೆ. ಎರಡು ದಿನ ಕೆಲಸವಿಲ್ಲದೆ ನಿಂತರೆ ಇನ್ನೂ ಹೆಚ್ಚು. ದಿನಕ್ಕೆ ಇಂಥದ್ದಕ್ಕೆ 40 ಮಿಲಿಲೀಟರ್ ಹೋಗುತ್ತದೆ ಎಂದು ಇಟ್ಟುಕೊಂಡರೆ, ದಿನಕ್ಕೆ 1,000 ಚದರಡಿ ಮುದ್ರಿಸುವ ನಗರದ ಅಂಗಡಿಯಲ್ಲಿ ಅದು ಚದರಡಿಗೆ 0.04 ಮಿಲಿಲೀಟರ್, ಗಣನೆಗೇ ಬಾರದಷ್ಟು. ದಿನಕ್ಕೆ 100 ಚದರಡಿ ಮಾತ್ರ ಮುದ್ರಿಸುವ ಅಂಗಡಿಯಲ್ಲಿ ಅದೇ 0.4 ಮಿಲಿಲೀಟರ್ ಆಗುತ್ತದೆ. ಶೇ. 80ರ ವ್ಯಾಪ್ತಿಯ ಒಂದು ಸಾಧಾರಣ ವಿನ್ಯಾಸಕ್ಕೆ ಬೇಕಾಗುವ ಇಂಕೇ 0.42. ಅಂದರೆ ಸಣ್ಣ ಅಂಗಡಿಯ ಬ್ಯಾನರಿನ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಬ್ಯಾನರಿನ ಇಂಕು ಖರ್ಚಾಗಿರುತ್ತದೆ. ಜಗಳೂರಿನ ಅಂಗಡಿಯೊಂದು ದಾವಣಗೆರೆಯ ದರವನ್ನೇ ತನ್ನ ದರವೆಂದು ಹೇಳತೊಡಗಿದರೆ, ಅದು ನಕಲು ಮಾಡುತ್ತಿರುವುದು ಬೇರೆಯದೇ ಗಾತ್ರದ ವ್ಯಾಪಾರದ ಲೆಕ್ಕವನ್ನು. ಆರಡಿಗೆ ನಾಲ್ಕಡಿಯ ಒಂದೇ ಒಂದು ಶ್ರದ್ಧಾಂಜಲಿ ಬ್ಯಾನರಿಗಾಗಿ ಯಂತ್ರ ಶುರು ಮಾಡಿದ ದಿನ, ಚದರಡಿ ದರದ ಪ್ರಕಾರ ಬರುವ 240 ರೂಪಾಯಿಯಲ್ಲಿ ಆ ದಿನದ ಖರ್ಚು ಹೊರಡುವುದಿಲ್ಲ. ಸಣ್ಣ ಕೆಲಸಕ್ಕೆ ಇಂತಿಷ್ಟು ಕನಿಷ್ಠ ಮೊತ್ತ ಎಂದು ಕೇಳುವುದು ದುರಾಸೆಯಲ್ಲ, ಅದರ ಹಿಂದೆ ಈ ಲೆಕ್ಕವಿದೆ. ಗಿರಾಕಿಗಳು ಇದನ್ನು ತಿಳಿಯಬೇಕು.

ಯಂತ್ರದ ಜೊತೆ ಬರುವ, ವಿನ್ಯಾಸವನ್ನು ಹನಿಗಳ ಆದೇಶವಾಗಿ ಬದಲಿಸುವ ರಿಪ್ ತಂತ್ರಾಂಶವೇ ಪ್ರತಿ ಕೆಲಸಕ್ಕೂ ಎಷ್ಟು ಇಂಕು ಬೇಕೆಂದು ತೋರಿಸುತ್ತದಲ್ಲ, ಇನ್ನೇಕೆ ಈ ಕಸರತ್ತು ಎಂದು ಯಂತ್ರ ಬಲ್ಲವರು ಕೇಳಬಹುದು. ಹಲವು ರಿಪ್‌ಗಳು ತೋರಿಸುತ್ತವೆ ನಿಜ, ತೋರಿಸುವುದನ್ನು ಬಳಸಬೇಕಾದದ್ದೂ ನಿಜ. ಆದರೆ ರಿಪ್ ಎಣಿಸುವುದು ಹನಿಗಳನ್ನು. ಹನಿಯ ಗಾತ್ರ ಕಂಪನಿ ಹೇಳಿದಷ್ಟೇ ಇದೆ ಎಂದು ಅದು ನಂಬುತ್ತದೆ. ಬೇಸಿಗೆಯಲ್ಲಿ ಇಂಕು ಬೆಚ್ಚಗಾಗಿ ತೆಳುವಾದಾಗ, ಹೆಡ್ ಹಳತಾದಾಗ, ಬೇರೆ ಕಂಪನಿಯ ಇಂಕು ಹಾಕಿದಾಗ ಹನಿ ಬದಲಾಗುತ್ತದೆ. ಚೆಲ್ಲಿದ ಇಂಕಂತೂ ಅದರ ಎಣಿಕೆಗೆ ಸಿಗುವುದೇ ಇಲ್ಲ. ಆದ್ದರಿಂದ ರಿಪ್‌ನ ಅಂಕಿಯನ್ನು ತೂಕದ ಎದುರು ಇಟ್ಟು ನೋಡಬೇಕು. ತಿಂಗಳ ಮೊದಲ ದಿನ ಯಂತ್ರದ ಟ್ಯಾಂಕುಗಳನ್ನು ಒಂದು ಗುರುತಿನವರೆಗೆ ತುಂಬಿಸಿದ ಮೇಲೆ, ಅಂಗಡಿಯಲ್ಲಿರುವ ಎಲ್ಲ ಇಂಕಿನ ಕ್ಯಾನುಗಳನ್ನು ತಕ್ಕಡಿಗೆ ಹಾಕಿ ಬರೆದಿಡುವುದು. ಕೊನೆಯ ದಿನ ಟ್ಯಾಂಕುಗಳನ್ನು ಅದೇ ಗುರುತಿಗೆ ತುಂಬಿಸಿ ಕ್ಯಾನುಗಳನ್ನು ಮತ್ತೆ ತೂಗುವುದು. ನಡುವೆ ತಂದದ್ದನ್ನು ಕೂಡಿಸುವುದು. 100 ಮಿಲಿಲೀಟರ್ ಇಂಕು ಎಷ್ಟು ಗ್ರಾಂ ತೂಗುತ್ತದೆಂದು ಒಮ್ಮೆ ನೋಡಿಕೊಂಡಿದ್ದರೆ ಗ್ರಾಂಗಳನ್ನು ಮಿಲಿಲೀಟರಿಗೆ ಬದಲಿಸುವುದು ಸುಲಭ. ಹೀಗೆ ಬಂದ ಖರ್ಚಿನಲ್ಲಿ ರಿಪ್ ತೋರಿಸಿದ ತಿಂಗಳ ಮೊತ್ತವನ್ನು ಕಳೆದರೆ ಉಳಿಯುವುದೇ ಕಾಣದ ಇಂಕು. ಅದನ್ನು ಆ ತಿಂಗಳ ಒಟ್ಟು ಚದರಡಿಗೆ ಹಂಚಿದರೆ ತನ್ನ ಅಂಗಡಿಯ ನಿಜವಾದ ಅಂಕಿ ಸಿಗುತ್ತದೆ. ಮೂರ್ನಾಲ್ಕು ತಿಂಗಳು ಹೀಗೆ ಮಾಡಿದರೆ ಹಂಗಾಮಿನ ಏರಿಳಿತವೂ ಕಣ್ಣಿಗೆ ಬೀಳುತ್ತದೆ.

ರಿಪ್ ಅಂಕಿ ಕೊಡದ ಹಳೆಯ ಯಂತ್ರವಿದ್ದರೂ, ಅಥವಾ ಕೆಲಸ ಒಪ್ಪಿಕೊಳ್ಳುವ ಮೊದಲೇ ದರ ಹೇಳಬೇಕಾದಾಗಲೂ, ವ್ಯಾಪ್ತಿ ತಿಳಿಯಲು ಒಂದು ಸುಲಭ ದಾರಿಯಿದೆ. ವಿನ್ಯಾಸದ ಒಂದು ಪ್ರತಿಯನ್ನು ಫೋಟೊಶಾಪ್‌ನಲ್ಲಿ ತೆರೆದು, ಪದರಗಳನ್ನೆಲ್ಲ ಒಂದಾಗಿಸಿ, ನಾಲ್ಕು ಬಣ್ಣಗಳ ಸಿಎಂವೈಕೆಗೆ ಬದಲಿಸಿ, ಬ್ಲರ್ ಪಟ್ಟಿಯಲ್ಲಿರುವ ಆವರೇಜ್ ಎಂಬುದನ್ನು ಒತ್ತಿದರೆ ಇಡೀ ಬ್ಯಾನರ್ ಒಂದೇ ಬಣ್ಣದ ಚೌಕವಾಗುತ್ತದೆ. ಆ ಬಣ್ಣದ ನಾಲ್ಕು ಶೇಕಡಾವಾರುಗಳನ್ನು ಇನ್ಫೋ ಕಿಟಕಿಯಲ್ಲಿ ನೋಡಿ ಕೂಡಿಸಿದರೆ ಸರಾಸರಿ ವ್ಯಾಪ್ತಿ. ಅದನ್ನು ನೂರರಿಂದ ಭಾಗಿಸಿ, 14 ಪಿಕೋಲೀಟರ್ ಯಂತ್ರವಾದರೆ 0.52ರಿಂದ ಗುಣಿಸಿದರೆ ಚದರಡಿಗೆ ಎಷ್ಟು ಮಿಲಿಲೀಟರ್ ಎಂಬ ಅಂದಾಜು. ಒಂದು ನಿಮಿಷದ ಕೆಲಸ. ಬಣ್ಣಗಳ ಪ್ರಮಾಣ ನಿರ್ಧರಿಸುವ ರಿಪ್‌ನ ಪ್ರೊಫೈಲ್ ಒಟ್ಟು ಇಂಕಿಗೆ ಒಂದು ಮಿತಿ ಹಾಕುವುದರಿಂದ ಗಾಢ ಕೆಲಸಗಳಲ್ಲಿ ನಿಜವಾದ ಖರ್ಚು ಈ ಅಂದಾಜಿಗಿಂತ ಸ್ವಲ್ಪ ಕೆಳಗೆ ಬರಬಹುದು. ಆ ಮಿತಿಯೂ ಕೈಯಲ್ಲೇ ಇದೆ. ಬೂದು ಮತ್ತು ಕಪ್ಪು ಛಾಯೆಗಳಲ್ಲಿ ಮೂರು ಬಣ್ಣ ಬೆರೆಸುವ ಬದಲು ಕಪ್ಪು ಇಂಕನ್ನೇ ಹೆಚ್ಚು ಬಳಸುವಂತೆ ಪ್ರೊಫೈಲ್ ಹೊಂದಿಸಿದರೆ, ನೋಡುವವರ ಕಣ್ಣಿಗೆ ವ್ಯತ್ಯಾಸ ತಿಳಿಯದಂತೆಯೇ ಇಂಕು ಉಳಿಯುತ್ತದೆ. ಹತ್ತು ಅಡಿ ಎತ್ತರದಲ್ಲಿ ಕಟ್ಟುವ ಬ್ಯಾನರಿಗೆ ಶೇ. 280ರ ಕಪ್ಪು ಬೇಕಿಲ್ಲ. ದರ ಇಳಿಸುವ ಪೈಪೋಟಿಗಿಂತ ಈ ಉಳಿತಾಯ ಎಷ್ಟೋ ಗೌರವದ್ದು.

ಗಿರಾಕಿ ಒಪ್ಪುವುದಿಲ್ಲ ಎಂಬುದು ಎಲ್ಲರೂ ಮುಂದಿಡುವ ಆಕ್ಷೇಪ. ಚದರಡಿ ದರ ಎಲ್ಲರಿಗೂ ಅರ್ಥವಾಗುವಂಥದ್ದು, ಚುನಾವಣಾ ಆಡಳಿತವೂ ಅಭ್ಯರ್ಥಿಗಳ ಖರ್ಚು ಲೆಕ್ಕ ಹಾಕುವಾಗ ಜಿಲ್ಲೆಯಲ್ಲಿ ನಿಗದಿಯಾದ ದರಪಟ್ಟಿಯನ್ನೇ ಹಿಡಿಯುತ್ತದೆ, ಹೀಗಿರುವಾಗ ಮಿಲಿಲೀಟರ್ ಮಾತು ಯಾರು ಕೇಳುತ್ತಾರೆ? ಚುನಾವಣೆಯ ದರಪಟ್ಟಿಯ ಉದ್ದೇಶ ಬೇರೆ. ಯಾರೂ ಖರ್ಚು ಮುಚ್ಚಿಡದಂತೆ ಎಲ್ಲರನ್ನೂ ಒಂದೇ ಅಳತೆಗೆ ತರುವುದು ಅದರ ಕೆಲಸ, ಅಂಗಡಿಯ ಅಸಲು ಹೇಳುವುದಲ್ಲ. ಗಿರಾಕಿಯ ವಿಷಯಕ್ಕೆ ಬಂದರೆ, ಹಿಟ್ಟಿನ ಗಿರಣಿಗೆ ರಾಗಿ ತೆಗೆದುಕೊಂಡು ಹೋದರೆ ಒಂದು ದರ, ಒಣಮೆಣಸಿನಕಾಯಿ ತೆಗೆದುಕೊಂಡು ಹೋದರೆ ಇನ್ನೊಂದು ದರ ಎಂಬುದನ್ನು ಪ್ರಶ್ನಿಸದೆ ಒಪ್ಪಿಕೊಂಡ ಜನ ನಾವು. ತೂಕ ಒಂದೇ ಆದರೂ ಕೆಲಸ ಬೇರೆ ಎಂಬುದು ನಮಗೆ ಗೊತ್ತು. ಬ್ಯಾನರಿನಲ್ಲೂ ಮಿಲಿಲೀಟರ್ ಬಿಲ್ಲು ಕೊಡಬೇಕಿಲ್ಲ. ಬಿಳಿ ಹಿನ್ನೆಲೆಯದಕ್ಕೊಂದು, ಫೋಟೊ ಮತ್ತು ಬಣ್ಣ ಬೆರೆತದ್ದಕ್ಕೊಂದು, ಪೂರ್ತಿ ಗಾಢ ಹಿನ್ನೆಲೆಯದಕ್ಕೊಂದು ದರ ಇಟ್ಟು ಮೂರರ ಮಾದರಿಯನ್ನೂ ಅಂಗಡಿಯ ಗೋಡೆಗೆ ಅಂಟಿಸಿದರೆ ಸಾಕು. ಕಪ್ಪು ಹಿನ್ನೆಲೆಗೆ ಒಂದು ರೂಪಾಯಿ ಹೆಚ್ಚು ಎಂದು ಕಂಡವರಲ್ಲಿ ಕೆಲವರು ತಿಳಿ ಬಣ್ಣಕ್ಕೆ ಬದಲಾಯಿಸುತ್ತಾರೆ. ಆಗ ದರವೇ ಇಂಕಿನ ಬಳಕೆಯನ್ನು ತಗ್ಗಿಸಿತು. ಚದರಡಿಯ ಒಂದೇ ದರಕ್ಕೆ ಆ ಶಕ್ತಿ ಇಲ್ಲ.

ಗಿರಾಕಿಗೆ ಇದರಲ್ಲಿ ಏನು ಲಾಭ ಎಂಬುದನ್ನೂ ಹೇಳಬೇಕು. ಒಂದೇ ದರದ ಪೈಪೋಟಿಯಲ್ಲಿ ಅಂಗಡಿಯವರು ಎಲ್ಲಿಂದಾದರೂ ಉಳಿಸಲೇಬೇಕು. ತೆಳು ಹಾಳೆ ಹಾಕುವುದು ಒಂದು ದಾರಿ, ಕೈಗೆ ಸಿಕ್ಕಿದರೆ ಅದು ತಿಳಿಯುತ್ತದೆ. ಇಂಕು ತೆಳುಗೊಳಿಸುವುದು ಇನ್ನೊಂದು, ಅದು ಮುದ್ರಣದ ದಿನ ತಿಳಿಯುವುದಿಲ್ಲ. ಚುಕ್ಕೆ ಕಡಿಮೆ ಮಾಡಿದ, ಅಗ್ಗದ ಇಂಕಿನ ಬೋರ್ಡು ಬಿಳಿಚೋಡಿನ ಬಿಸಿಲಿಗೆ ಬಿದ್ದಾಗ ಹಳದಿ, ಮೆಜೆಂಟಾಗಳು ಮೊದಲು ಮಾಸುತ್ತವೆ, ಮುಖಗಳು ನೀಲಿಗಟ್ಟುತ್ತವೆ. ರಸ್ತೆಬದಿಯ ಹಳೆಯ ಬೋರ್ಡುಗಳೆಲ್ಲ ಒಂದೇ ನೀಲಿಛಾಯೆಗೆ ತಿರುಗುವುದು ಇದರಿಂದ. ಮೂರು ದಿನ ಕಟ್ಟಿ ಬಿಚ್ಚುವ ಬ್ಯಾನರಿಗೆ ತೆಳು ಇಂಕು ತಪ್ಪೇನಲ್ಲ, ಅದೇ ಸರಿ. ಮೂರು ವರ್ಷ ನಿಲ್ಲಬೇಕಾದ ಗೊಬ್ಬರದಂಗಡಿಯ ಬೋರ್ಡಿಗೆ ಅದು ಮೋಸ. ಎಷ್ಟು ದಿನ ಬಾಳಬೇಕು ಎಂಬ ಪ್ರಶ್ನೆಯನ್ನು ಚದರಡಿ ದರ ಕೇಳುವುದೇ ಇಲ್ಲ. ಇಂಕಿನ ಲೆಕ್ಕ ಇಟ್ಟ ಅಂಗಡಿ ಅದನ್ನು ಕೇಳಿ, ಉತ್ತರಕ್ಕೆ ತಕ್ಕ ದರ ಹೇಳಬಲ್ಲದು. ಅಗ್ಗದ ಇಂಕು ಅಂಗಡಿಯವರಿಗೂ ಅಗ್ಗವಲ್ಲ. ಕಲ್ಮಶವಿರುವ ಇಂಕಿನಿಂದ ಹೆಡ್ ಕಟ್ಟಿ ಹಾಳಾದರೆ ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ, ಲೀಟರಿಗೆ ನೂರು ರೂಪಾಯಿಯಂತೆ ವರ್ಷವಿಡೀ ಉಳಿಸಿದ್ದು ಒಂದೇ ಹೆಡ್‌ಗೆ ಹೋಗಿಬಿಡುತ್ತದೆ.

ಹಾಳೆಯ ಪೋಲು ಇಂಕಿಗಿಂತ ದೊಡ್ಡದಲ್ಲವೇ ಎಂದೂ ಕೇಳಬಹುದು. ಹೌದು, ದೊಡ್ಡದೇ. ಎಂಟಡಿ ಅಗಲದ ರೋಲ್‌ನಲ್ಲಿ ಏಳಡಿ ಬ್ಯಾನರ್ ಹೊಡೆದು, ಅದು ಹತ್ತಡಿ ಉದ್ದವಿದ್ದರೆ, ಹತ್ತು ಚದರಡಿ ಹಾಳೆ ಕತ್ತರಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 50 ರೂಪಾಯಿ. ಆದರೆ ಆ ತುಂಡು ಕಣ್ಣೆದುರು ಬಿದ್ದಿರುತ್ತದೆ, ಎಲ್ಲರಿಗೂ ಕಾಣುತ್ತದೆ, ಅದನ್ನು ತಪ್ಪಿಸಲು ಎಲ್ಲ ಅಂಗಡಿಯವರೂ ಎರಡು ಬ್ಯಾನರ್ ಪಕ್ಕಪಕ್ಕ ಜೋಡಿಸುವುದನ್ನು ಕಲಿತಿದ್ದಾರೆ. ಅಷ್ಟೇ ಬೆಲೆಯ ಇಂಕು ಹೋದದ್ದು ಮಾತ್ರ ಕಾಣುವುದಿಲ್ಲ. ಹಿಂದೆ ಬಟ್ಟೆಯ ಮೇಲೆ ಕುಂಚದಿಂದ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಗೆ ಬಣ್ಣದ ಡಬ್ಬಿ ಕಣ್ಣೆದುರೇ ಖಾಲಿಯಾಗುತ್ತಿತ್ತು, ಹಿನ್ನೆಲೆ ತುಂಬಿಸುವುದಕ್ಕೂ ಅಕ್ಷರ ಬರೆಯುವುದಕ್ಕೂ ಇರುವ ವ್ಯತ್ಯಾಸ ಅವರ ಕೈಗೇ ಗೊತ್ತಿತ್ತು.

ಬಟ್ಟೆಯ ಮಾತು ಬಂದದ್ದು ಹಳೆಯ ನೆನಪಿಗಾಗಿ ಅಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳನ್ನು ತೆರವುಗೊಳಿಸಲು ಬಿಗಿಯಾಗಿ ಆದೇಶಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ನಿಷೇಧಿಸಿದೆ. ಹಳ್ಳಿಯ ಸರ್ಕಲ್ಲುಗಳಲ್ಲಿ ಇನ್ನೂ ಫ್ಲೆಕ್ಸ್ ಕಾಣುತ್ತಿದ್ದರೂ ಕಾನೂನು ಯಾವ ಕಡೆ ನಡೆಯುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ, ಅದು ನಡೆಯಬೇಕಾದ ಕಡೆಯೂ ಹೌದು. ಮುದ್ರಣ ಬಟ್ಟೆಗೆ ಬಂದಾಗ ಇಂಕಿನ ಲೆಕ್ಕವೇ ತಲೆಕೆಳಗಾಗುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಕು ಮೇಲ್ಮೈಯಲ್ಲೇ ನಿಲ್ಲುತ್ತದೆ, ಬಟ್ಟೆ ಅದನ್ನು ಒಳಕ್ಕೆ ಹೀರುತ್ತದೆ. ಅದೇ ಗಾಢತೆ ಬೇಕಾದರೆ ಹೆಚ್ಚು ಇಂಕು ಸುರಿಯಬೇಕು, ಬಟ್ಟೆಗೆಂದೇ ಬೇರೆ ಪ್ರೊಫೈಲ್ ಮಾಡಿಕೊಳ್ಳಬೇಕು. ಒಂದೂವರೆ ಪಟ್ಟು ಬೇಕೆಂದುಕೊಳ್ಳೋಣ, ಲೀಟರಿಗೆ 1,500 ರೂಪಾಯಿಯ ಇಕೊ ಸಾಲ್ವೆಂಟ್ ಇಂಕು ಬಳಸಿದೆವು ಎಂದುಕೊಳ್ಳೋಣ. ರಾಜ್ಯೋತ್ಸವದ ಅದೇ ಹತ್ತಡಿಗೆ ಎಂಟಡಿಯ ಹಳದಿ ಕೆಂಪಿನ ಬ್ಯಾನರಿಗೆ 94 ಮಿಲಿಲೀಟರ್, 141 ರೂಪಾಯಿ. ಫ್ಲೆಕ್ಸ್‌ನಲ್ಲಿ ಅದು 31 ಇತ್ತು. ಹಾಳೆ ಅಗ್ಗವಾಗಿ ಇಂಕು ಇನ್ನೂ ಅಗ್ಗವಾಗಿದ್ದ ಕಾಲದಲ್ಲಿ ಒಂದೇ ದರದ ಸೋಮಾರಿತನವನ್ನು ವ್ಯಾಪಾರ ಹೇಗೋ ತಾಳಿಕೊಂಡಿತು. ಬಟ್ಟೆಯ ಮೇಲೆ ಅದನ್ನು ತಾಳಿಕೊಳ್ಳಲು ಆಗುವುದಿಲ್ಲ. ಬಟ್ಟೆ ಬ್ಯಾನರ್ ದುಬಾರಿ ಎಂದು ಗಿರಾಕಿಗಳು ದೂರುವುದಕ್ಕೆ ಒಂದು ಕಾರಣ, ಫ್ಲೆಕ್ಸ್‌ಗೆಂದು ಮಾಡಿದ ಗಾಢ ವಿನ್ಯಾಸವನ್ನೇ ಬಟ್ಟೆಗೂ ಹಾಕುವುದು. ಬಟ್ಟೆಯ ಸಹಜ ಬಣ್ಣವನ್ನೇ ಹಿನ್ನೆಲೆಯಾಗಿ ಬಿಟ್ಟು, ಅಕ್ಷರ ಮತ್ತು ಚಿತ್ರಕ್ಕೆ ಮಾತ್ರ ಇಂಕು ಬಳಸುವ ವಿನ್ಯಾಸದಲ್ಲಿ ಈ 141 ರೂಪಾಯಿ ಮೂವತ್ತಕ್ಕೆ ಇಳಿಯಬಹುದು. ಬಟ್ಟೆಯನ್ನು ಗೆಲ್ಲಿಸಬೇಕೆನ್ನುವವರು ಮೊದಲು ಹಿಡಿಯಬೇಕಾದದ್ದು ಈ ಲೆಕ್ಕವನ್ನು.

ಯಾರ ದರದಲ್ಲೂ ಸೇರದ ಖರ್ಚು ಇನ್ನೊಂದು ಉಳಿದಿದೆ. ದಿನಕ್ಕೆ 40 ಮಿಲಿಲೀಟರ್ ಚೆಲ್ಲಿದರೆ ವರ್ಷದ 300 ಕೆಲಸದ ದಿನಗಳಲ್ಲಿ 12 ಲೀಟರ್ ಹಾಳು ಇಂಕು ಒಂದೇ ಯಂತ್ರದ ಕೆಳಗೆ ಕೂಡುತ್ತದೆ. ಹೆಡ್ ತೊಳೆದ ಸಾಲ್ವೆಂಟ್ ಬೇರೆ. ಬಣ್ಣ ಮತ್ತು ಇಂಕುಗಳ ಕೈಗಾರಿಕಾ ತ್ಯಾಜ್ಯವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತಮ್ಮ ಪಟ್ಟಿಯಲ್ಲಿ ಸೇರಿಸಿವೆ. ಚರಂಡಿಗೆ ಸುರಿದರೆ ಅದು ಹೋಗಿ ಸೇರುವುದು ಕೆರೆಗೆ, ಇಲ್ಲವೇ ನೆಲದೊಳಗಿನ ನೀರಿಗೆ. ಜಗಳೂರಿನಂಥ ಮಳೆ ಕಡಿಮೆಯ ತಾಲ್ಲೂಕಿನಲ್ಲಿ ಆ ನೀರನ್ನೇ ಕೊಳವೆಬಾವಿಯಿಂದ ಮೇಲೆತ್ತಿ ಕುಡಿಯಬೇಕು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಸಿಟ್ಟು ಪರವಾನಗಿ ಇರುವ ವಿಲೇವಾರಿದಾರರಿಗೆ ಒಪ್ಪಿಸಲು ಒಂದು ಅಂಗಡಿಗೆ ಸಾಗಾಟವೇ ಭಾರವಾಗುತ್ತದೆ. ತಾಲ್ಲೂಕಿನ ಅಂಗಡಿಗಳೆಲ್ಲ ಸೇರಿ ವರ್ಷಕ್ಕೆರಡು ಬಾರಿ ಕಳಿಸಿದರೆ ಆ ಖರ್ಚು ಚದರಡಿಗೆ ಕೆಲವೇ ಪೈಸೆಗೆ ಇಳಿಯುತ್ತದೆ. ಆ ಪೈಸೆಯನ್ನು ದರದಲ್ಲಿ ಸೇರಿಸಬೇಕಾದರೂ, ಯಂತ್ರದ ಕೆಳಗಿನ ಬಾಟಲಿಯಲ್ಲಿ ತಿಂಗಳಿಗೆಷ್ಟು ಕೂಡುತ್ತಿದೆ ಎಂದು ಮೊದಲು ಅಳೆದಿರಬೇಕು.